ಗೇರೆಣ್ಣೆ ಹಚ್ಚಿದ ಗಿಟಾರು

ಹಂಗಾರಕಟ್ಟೆಯ ಗೋವರ್ಧನ ಮೂವತ್ತು ವರ್ಷ ಗಿಟಾರು ನುಡಿಸಿದ್ದು ಉಣ್ಣುವವರ ಎದುರಿಗೆ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಆ ಆಗಸ್ಟ್ ತಿಂಗಳಲ್ಲಿ ಅವನು ಮಾಡಿದ ಹುಚ್ಚುತನ ಯಾರಿಗೂ ಅರ್ಥವಾಗುವುದಿಲ್ಲ.

ಮುಂಬಯಿಯ ಒಂದು ದೊಡ್ಡ ಹೋಟೆಲಿನ ಊಟದ ಕೋಣೆ. ಹೂಕುಂಡದ ಮರೆಯಲ್ಲಿ ಒಂದು ಕುರ್ಚಿ. ಎಡಗಾಲಿನ ಕೆಳಗೆ ಗೇಣೆತ್ತರದ ಮಣೆ, ತೊಡೆಯ ಮೇಲೆ ಗಿಟಾರು. ಅವನು ನುಡಿಸುತ್ತಿದ್ದುದು ಸಿನಿಮಾ ಹಾಡಲ್ಲ, ಅದು ಕರೆಂಟಿನ ಗಿಟಾರೂ ಅಲ್ಲ. ನೈಲಾನ್ ತಂತಿಯ, ಉಗುರಿನಲ್ಲೇ ಮೀಟುವ, ಸ್ಪೇನ್ ದೇಶದ ಕಡೆಯ ಹಳೆಯ ಶಾಸ್ತ್ರೀಯ ಸಂಗೀತ. ಹೆಬ್ಬೆರಳು ಕೆಳಗಿನ ಸ್ವರ ಹಿಡಿದು ನಡೆಯುತ್ತಿದ್ದರೆ ಉಳಿದ ಬೆರಳುಗಳು ಮೇಲೆ ಬೇರೆಯದೇ ಮಾತಾಡುತ್ತವೆ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ಕೂತು ನುಡಿಸಿದ ಹಾಗೆ. ಆದರೆ ಕಣ್ಣು ಮುಚ್ಚಿ ಕೇಳುವವರು ಬೇಕಲ್ಲ! ಬಂದವರು ಕಣ್ಣು ಬಿಟ್ಟುಕೊಂಡು ಏಡಿ ಒಡೆಯುತ್ತಿದ್ದರು. ಕೆಲವರು ವೇಟರನ ಹತ್ತಿರ "ಸ್ವಲ್ಪ ಮೆಲ್ಲಗೆ ನುಡಿಸಲಿಕ್ಕೆ ಹೇಳು" ಎಂದು ಹೇಳಿ ಕಳಿಸುತ್ತಿದ್ದರು.

ಮೀನು ಹಿಡಿಯುವ ಮೊಗವೀರರ ಹುಡುಗನಿಗೆ ಈ ವಿದ್ಯೆ ಹತ್ತಿದ್ದು ಮುಂಬಯಿಯ ಗಿರ್ಗಾಂವಿನಲ್ಲಿ. ಹದಿನಾಲ್ಕು ವರ್ಷಕ್ಕೆ ಅಣ್ಣ ಕರಿಯ ಅವನನ್ನು ಬಸ್ಸು ಹತ್ತಿಸಿ ಕಳಿಸಿದ್ದ. ಕ್ಯಾಂಟೀನಿನಲ್ಲಿ ಲೋಟ ತೊಳೆಯುವ ಕೆಲಸ. ಮಹಡಿಯ ಮೇಲೆ ಗೋವಾದ ಒಬ್ಬ ಮುದುಕ ಮಾಸ್ತರರು ಗಿಟಾರಿನ ಪಾಠ ಹೇಳುತ್ತಿದ್ದರು. ಅವರಿಗೆ ಚಹಾ ಕೊಂಡುಹೋದವನು ಬಾಗಿಲಲ್ಲೇ ನಿಂತುಬಿಡುತ್ತಿದ್ದ. ಎರಡು ತಿಂಗಳು ನೋಡಿದ ಮಾಸ್ತರರು ಒಂದು ದಿನ "ನಿಂತು ಕಾಲು ನೋಯಿಸಿಕೊಳ್ಳಬೇಡ, ಕೂತು ಕಲಿ" ಎಂದರು. ಏಳು ವರ್ಷ ಕಲಿಸಿದರು. ಸಾಯುವ ಮೊದಲು ತಮ್ಮ ಗಿಟಾರನ್ನೇ ಕೊಟ್ಟರು.

ಕೊರೋನಾ ಬಂದು ಹೋದ ಮೇಲೆ ಹೋಟೆಲಿನವರು ಹೂಕುಂಡ ಇಟ್ಟುಕೊಂಡು ಕುರ್ಚಿ ತೆಗೆದರು. ಗೋವರ್ಧನ ಹೆಂಡತಿ ಜಲಜಳನ್ನು ಕರೆದುಕೊಂಡು ಊರಿಗೆ ಬಂದ. ಕೋಟದಲ್ಲಿ, ಬ್ರಹ್ಮಾವರದಲ್ಲಿ ನಾಲ್ಕು ಮಕ್ಕಳಿಗೆ ಪಾಠ. ಮದುವೆ ರಿಸೆಪ್ಶನ್ನುಗಳಲ್ಲಿ ಮತ್ತದೇ ಊಟದ ಎದುರು ಸಂಗೀತ. ಬಲಗೈಯ ಉಗುರು ಬಿಟ್ಟು, ಅದನ್ನು ಅರದಿಂದ ಉಜ್ಜುತ್ತ ಜಗಲಿಯಲ್ಲಿ ಕೂತರೆ ಬಂದರಿಗೆ ಹೋಗುವವರು ಸುಮ್ಮನೆ ಹೋಗುತ್ತಾರೆಯೇ?

"ಹ್ವಾಯ್ ಗೋವರ್ಧನ, ಆ ಉಗ್ರಂಗೆ ಬಂಗ್ಡಿ ಮೀನ್ ಸೀಳುಕ್ ಆತ್ತಾ?"

"ನಿನ್ ನಾಲ್ಗಿ ಸೀಳುಕ್ ಆತ್ತ್, ಬಾ" ಎನ್ನುತ್ತಿದ್ದ ಗೋವರ್ಧನ.

ಹೀಗಿರುವಾಗ ಕೋಟದ ಉಮಾನಾಥ ಶೆಟ್ಟರು ಒಂದು ರಿಸೆಪ್ಶನ್ನಿನಲ್ಲಿ ಅವನ ಎದುರು ಬಂದು ನಿಂತರು. ಮುಂಬಯಿಯಲ್ಲಿ ಮೂರು ಹೋಟೆಲಿನ ಧಣಿ, ಊರಲ್ಲಿ ಹೊಸ ಕಟ್ಟಡ ಕಟ್ಟಿ ಮೇಲೊಂದು ಸಭಾಂಗಣ ಮಾಡಿಸಿದವರು. ಕೈಯಲ್ಲಿ ತಟ್ಟೆಯಿತ್ತು. ತಟ್ಟೆಯ ಅನ್ನ ಆರಿ ತಣ್ಣಗಾಗುವವರೆಗೂ ಅಲ್ಲಾಡಲಿಲ್ಲ.

"ಬಪ್ಪ ತಿಂಗ್ಳ್ ಹದಿನೇಳ್, ಆದಿತ್ವಾರ, ನಾಕೂವರೆಗೆ. ನೀ ಒಬ್ನೇ ನುಡ್ಸುಕ್" ಎಂದರು.

"ಊಟ ಎಷ್ಟೊತ್ತಿಗೆ ಶೆಟ್ರೆ?"

"ಎಂತ ಊಟ ಮಾರಾಯ! ಚಾ ಸಹ ಮುಗ್ದ್ ಮೇಲೆ. ನೂರಿಪ್ಪತ್ತ್ ಕುರ್ಚಿ ಹಾಕಿ ಬಾಗ್ಲ್ ಮುಚ್ಚಿಸ್ತೆ. ಎಲ್ಲ ಬಾಯ್ ಮುಚ್ಕಂಡ್ ಕೇಣ್ಕ್."

ನಲವತ್ತೊಂಬತ್ತು ವರ್ಷದ ಗೋವರ್ಧನ ಆ ದಿನ ಬಸ್ಸಿನಲ್ಲಿ ತನ್ನ ಸ್ಟಾಪು ದಾಟಿ ಮುಂದೆ ಹೋದ.

ಆ ವರ್ಷದ ಮಳೆಯೋ, ಹೇಳುವುದೇ ಬೇಡ. ಹೊಳೆಬಾಯಿಯ ಮನೆ, ಬಾಗಿಲು ಉಬ್ಬಿ ಮುಚ್ಚಲಾಗುತ್ತಿರಲಿಲ್ಲ, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತಿತ್ತು. ಆಗಸ್ಟ್ ಮೊದಲ ವಾರ ಗಿಟಾರಿನ ದಪ್ಪ ತಂತಿ ಮೀಟಿದಾಗ ಒಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಎಂದಿತು. ತಿರುಗಿಸಿ ನೋಡಿದರೆ ಬೆನ್ನಿನ ಹಲಗೆ ಅಂಚಿನಲ್ಲಿ ಬಿಟ್ಟಿದೆ. ಬಿರುಕಿನಲ್ಲಿ ಉಗುರು ಹೋಗುತ್ತದೆ. ಹತ್ತಿರದ ರಿಪೇರಿಯವನು ಗೋವಾದಲ್ಲಿ; ಅವನು ಫೋನಿನಲ್ಲಿ "ಒಂದೂವರೆ ತಿಂಗಳು" ಎಂದ. ಪಾಠದ ಮಕ್ಕಳ ಗಿಟಾರುಗಳು ಒಂದೋ ಸಣ್ಣವು, ಒಂದೋ ಉಕ್ಕಿನ ತಂತಿಯವು. ಅದರಲ್ಲಿ ಈ ಸಂಗೀತ ಏಳುವುದಿಲ್ಲ.

ಅಣ್ಣನ ಹತ್ತಿರ ಹೋಗದೆ ಇನ್ನೆಲ್ಲಿಗೆ ಹೋಗುವುದು? ಕರಿಯ ನಲವತ್ತು ವರ್ಷ ಮರದ ದೋಣಿ ಕಟ್ಟಿದವನು. ಈಗ ಎಲ್ಲರಿಗೂ ಫೈಬರ್ ದೋಣಿ ಬೇಕು. ಉಳಿ, ಬಾಚಿಗೆ ಎಣ್ಣೆ ಹಚ್ಚಿಟ್ಟು ಹೊಳೆ ನೋಡುತ್ತ ಕೂರುತ್ತಿದ್ದ. ಗಿಟಾರನ್ನು ಕೈಗೆ ತೆಗೆದುಕೊಂಡು, ಮಗುಚಿ, ಗೆಣ್ಣಿನಿಂದ ತಟ್ಟಿ ನೋಡಿದ.

"ಇಷ್ಟ್ ತೆಳು ಹಲ್ಗಿಯಾ? ಇದ್ರಂಗೆ ಹೊಳಿ ದಾಟುಕ್ ಆತ್ತಾ ಮಾರಾಯ?"

"ಅಣ್ಣ, ಅಂಟ್ ಮಾತ್ರ ಹಾಕ್. ಬೇರೆ ಎಂತದೂ ಮುಟ್ಬೇಡ."

"ಹೋಯ್ ಹೋಯ್. ಮರದ್ ಕೆಲ್ಸ ನಂಗೆ ಕಲ್ಸುಕ್ ಬಂದ."

ಹದಿಮೂರನೇ ತಾರೀಕು ಬುಧವಾರ ಕರಿಯ ಗಿಟಾರನ್ನು ಲುಂಗಿಯಲ್ಲಿ ಸುತ್ತಿಕೊಂಡು ಮನೆಗೇ ತಂದ. ಗಿಟಾರಿಗಿಂತ ಮೊದಲು ವಾಸನೆ ಒಳಗೆ ಬಂತು. ಗೋವರ್ಧನ ಕೂತಲ್ಲಿಂದ ಎದ್ದ. ಅದು ಗೇರೆಣ್ಣೆಯ ವಾಸನೆ.

ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಅದು. ದೋಣಿಯ ಮರಕ್ಕೆ ಹೊಡೆದರೆ ನೀರು ಹಿಡಿಯುವುದಿಲ್ಲ, ಹುಳ ಕೊರೆಯುವುದಿಲ್ಲ. ಹಸಿಯಿರುವಾಗ ಚರ್ಮಕ್ಕೆ ತಾಗಿದರೆ ಮಾತ್ರ ಸುಟ್ಟುಬಿಡುತ್ತದೆ. ತಾಗಿದ ಕೂಡಲೇ ಅಲ್ಲ. ಒಂದು ದಿನ, ಎರಡು ದಿನ ಕಾದು ಸುಡುತ್ತದೆ. ಎಣ್ಣೆ ಹೊಡೆದ ದೋಣಿಯ ಹತ್ತಿರ ಹೋಗಬಾರದೆಂದು ಆ ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಒಂಬತ್ತು ವರ್ಷದವನಿದ್ದಾಗ ಅಂಥ ದೋಣಿಯಿಂದ ಜಾರಿ ಬಿದ್ದ ಗುರುತು ಗೋವರ್ಧನನ ಮೊಣಕಾಲಿನ ಕೆಳಗೆ ಇವತ್ತಿಗೂ ಇದೆ, ಅಂಗೈ ಅಗಲ.

"ಕಾಣ್, ಜೋಡ್ ಎಲ್ಲಿತ್ತ್ ಹೇಳ್ ಕಾಂಬ" ಎಂದ ಕರಿಯ. ನಿಜವೇ, ಬಿರುಕು ಇದ್ದ ಜಾಗವೇ ಕಾಣುತ್ತಿರಲಿಲ್ಲ. "ಮತ್ತೆ ಒಂದ್ ಕೈ ಗೇರೆಣ್ಣಿ ಹೊಡ್ದಿದೆ. ಇನ್ ಹತ್ತ್ ಮಳ್ಗಾಲ ಬರ್ಲಿ! ಕುತ್ಗಿಗೆ ಎರಡ್ ಕೈ. ನಿನ್ ಕೈ ಬೆವ್ರುದ್ ಅಲ್ಲೇ ಅಲ್ದಾ?"

"ಒಣ್ಗಿತ್ತಾ ಅಣ್ಣ?"

"ನಾಕ್ ದಿನ ಆಯ್ತ್. ಕಾಣ್" ಎಂದು ಕರಿಯ ತನ್ನ ಅಂಗೈಯನ್ನು ಗಿಟಾರಿನ ಕುತ್ತಿಗೆಯ ಮೇಲೆ ಎಳೆದು ತೋರಿಸಿದ. ಆ ಅಂಗೈ ಆಮೆಯ ಚಿಪ್ಪಿನ ಹಾಗಿತ್ತು. ಅದಕ್ಕೆ ಬೆಂಕಿಯೂ ತಿಳಿಯುವುದಿಲ್ಲ. "ಆದಿತ್ವಾರ ನಾನ್ ಬತ್ತೆ. ಮುಂದಿನ್ ಸಾಲಂಗೆ ಕೂಕಂತೆ. ಹೊಸ ಅಂಗಿ ಹೊಲ್ಸಿದೆ."

ಮೂವತ್ತು ವರ್ಷದಲ್ಲಿ ಕರಿಯ ತಮ್ಮನ ಸಂಗೀತ ಕೇಳಲು ಒಮ್ಮೆಯೂ ಬಂದವನಲ್ಲ. ಮರದ ದೋಣಿ ನಿಂತ ಮೇಲೆ ಅವನ ಮುಖದಲ್ಲಿ ಆ ಕಳೆ ಕಂಡದ್ದೂ ಇಲ್ಲ. ಇದು ಗಿಟಾರಿಗೆ ಹಚ್ಚುವ ಎಣ್ಣೆಯಲ್ಲ ಎಂದು ಗೋವರ್ಧನ ಅಲ್ಲೇ, ಆಗಲೇ ಹೇಳಬೇಕಿತ್ತು. ಬಾಯಿ ತೆರೆದ. "ಲಾಯ್ಕ್ ಆಯ್ತ್ ಅಣ್ಣ" ಎಂದ.

ದೋಣಿಯ ಮರ ಬರಿಮರ, ಎಣ್ಣೆ ಕುಡಿಯುತ್ತದೆ. ಗಿಟಾರಿಗೆ ಮೊದಲೇ ಪಾಲಿಶ್ ಇರುತ್ತದೆ. ಎಣ್ಣೆ ಒಳಗೆ ಹೋಗಲು ದಾರಿಯಿಲ್ಲ. ಮೇಲೆ ಹಾಲಿನ ಕೆನೆಯಂತೆ ತೆಳ್ಳಗೆ ಒಣಗಿ, ಕೆಳಗೆ ಹಸಿಯಾಗಿಯೇ ಕೂತಿತ್ತು. ಮರುದಿನ ಗೋವರ್ಧನ ಇನ್ನೊಂದು ತಪ್ಪು ಮಾಡಿದ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಗಿಟಾರಿನ ಕುತ್ತಿಗೆ ಒರೆಸಿದ. ಮೇಲಿನ ಕೆನೆ ಕಿತ್ತು ಬಂತು, ಕೆಳಗಿನ ಹಸಿ ಎಣ್ಣೆ ಮೇಲೆದ್ದಿತು. ಬಟ್ಟೆ ಕಪ್ಪಾದಷ್ಟೂ ಒರೆಸಿದ. ಸಾಬೂನಿನಲ್ಲಿ ಕೈ ತೊಳೆದು, ಎಲ್ಲ ಹೋಯಿತೆಂದುಕೊಂಡು ನಾಲ್ಕು ತಾಸು ಅಭ್ಯಾಸಕ್ಕೆ ಕೂತ. ಏನೂ ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಡಗೈಯ ಹೆಬ್ಬೆರಳ ಬುಡದಲ್ಲಿ ತುರಿಕೆ. ಶನಿವಾರ ಬೆರಳ ಸಂದುಗಳಲ್ಲಿ, ತುದಿಗಳಲ್ಲಿ ಮೀನಿನ ಕಣ್ಣಿನಂಥ ಗುಳ್ಳೆ. ಬ್ರಹ್ಮಾವರದ ಡಾಕ್ಟರು ಮುಲಾಮು ಬರೆದುಕೊಟ್ಟು, ಹದಿನೈದು ದಿನ ಗಿಟಾರು ಮುಟ್ಟಬಾರದು ಎಂದರು.

"ಮುಟ್ಟಿದರೆ?"

"ಗುಳ್ಳೆ ಒಡೆದು ಕೀವಾದರೆ ಬೆರಳ ತುದಿಗೆ ಮೊದಲಿನ ಸ್ಪರ್ಶ ಬರುತ್ತದೆ ಅಂತ ನಾನು ಹೇಳುವುದಿಲ್ಲ."

ಮನೆಯಲ್ಲಿ ಜಲಜ ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಮುಲಾಮು ಹಚ್ಚಿದಳು. "ಶೆಟ್ರಿಗೆ ಫೋನ್ ಮಾಡಿ. ಇಲ್ದಿರೆ ಭಾವನಿಗಾರೂ ಹೇಳಿ."

"ಅಣ್ಣನಿಗೆ ಹೇಳುಕಾಗ."

"ಅವ್ರಿಗ್ ಬೇಜಾರ್ ಆತ್ತ್ ಅಂದೇಳಿ ನೀವ್ ಕೈ ಸುಟ್ಕಂತ್ರಿಯಾ? ಮರ್ಲಾ, ಹುಚ್ಚಾ ನಿಮ್ಗೆ?"

ಅವನು ಫೋನು ಕೈಗೆತ್ತಿಕೊಂಡ. ಶೆಟ್ಟರು ಬರುವ ಮಂಗಳವಾರ ಮುಂಬಯಿಗೆ ಹೊರಡುವವರಿದ್ದರು. ಒಮ್ಮೆ ಆಗುವುದಿಲ್ಲ ಎಂದವನನ್ನು ಇನ್ನೊಮ್ಮೆ ಯಾರು ಕರೆಯುತ್ತಾರೆ? ಬಾಗಿಲು ಮುಚ್ಚಿದ ಸಭಾಂಗಣ, ನೂರಿಪ್ಪತ್ತು ಕುರ್ಚಿ. ಫೋನು ಕೆಳಗಿಟ್ಟ.

ಆದಿತ್ಯವಾರ ಮಳೆ ಬಿಟ್ಟಿತ್ತು, ಸೆಕೆ ಬಿಟ್ಟಿರಲಿಲ್ಲ. ಶೆಟ್ಟರು ಹೇಳಿದ ಹಾಗೆಯೇ ಬಾಗಿಲು ಹಾಕಿಸಿದರು. ಗಿಟಾರಿನ ಸಣ್ಣ ಸದ್ದೂ ಕೇಳಬೇಕೆಂದು ಫ್ಯಾನುಗಳನ್ನೂ ನಿಲ್ಲಿಸಿದರು. ಕೊನೆಯ ಫ್ಯಾನು ತಿರುಗಿ ನಿಂತಾಗ ಸಭಾಂಗಣದಲ್ಲಿ ಒಂದು ಮೌನ ಇಳಿಯಿತು. ಗೋವರ್ಧನ ಜೀವಮಾನದಲ್ಲಿ ಅದನ್ನು ಕೇಳಿರಲಿಲ್ಲ. ಚಮಚವಿಲ್ಲ, ತಟ್ಟೆಯಿಲ್ಲ. ಅವನಿಗೆ ಹೆದರಿಕೆಯಾಯಿತು. ಮುಂದಿನ ಸಾಲಿನಲ್ಲಿ ಹೊಸ ಅಂಗಿ ಹಾಕಿಕೊಂಡು ಕರಿಯ, ಮೊಣಕಾಲ ಮೇಲೆ ಎರಡು ಕೈ ಊರಿ, ಕೋರ್ಟಿಗೆ ಬಂದವನ ಹಾಗೆ ಕೂತಿದ್ದ.

ಮೊದಲ ಎರಡು ರಚನೆ ನೋವಿನಲ್ಲೇ ಹೋದವು. ಮೂರನೆಯದಕ್ಕೆ ಅಂಗೈ ಬೆವರಿತು. ಬೆವರಿಗೆ, ಬಿಸಿಗೆ ಗಿಟಾರಿನ ಕುತ್ತಿಗೆಯಲ್ಲಿ ಉಳಿದ ಎಣ್ಣೆ ಮೆತ್ತಗಾಗಿ ಹೆಬ್ಬೆರಳನ್ನು ಹಿಡಿದುಕೊಳ್ಳತೊಡಗಿತು. ಬಿಡಿಸಿ ಎಳೆದ ಪ್ರತಿ ಸಲವೂ ಚರ್ಮ ಅಲ್ಲೇ ಉಳಿದ ಹಾಗಾಗುತ್ತಿತ್ತು. ಗಿಟಾರಿನ ಎತ್ತರದ ಸ್ವರಗಳೂ ಕಂಬಳಿ ಹೊದ್ದ ಹಾಗೆ ಮಂಕಾಗಿದ್ದವು. ಅದು ಗೊತ್ತಾದದ್ದು ಅವನೊಬ್ಬನಿಗೆ. ಕೊನೆಯ ರಚನೆ ಮಾಸ್ತರರು ಕಲಿಸಿದ್ದು. ನಡುವೆ ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಯನ್ನು ಒಟ್ಟಿಗೆ ಒತ್ತಬೇಕು. ಒತ್ತಿದ. ಗುಳ್ಳೆಗಳು ಒಂದರ ಮೇಲೊಂದು ಒಡೆದವು. ಕಣ್ಣಲ್ಲಿ ನೀರು ಬಂತು, ಬೆರಳು ಜಾರಿತು, ಸಂಗೀತ ನಿಂತಿತು.

ಯಾರೂ ಕೆಮ್ಮಲಿಲ್ಲ. ಯಾರೂ ಏಳಲಿಲ್ಲ. ನೂರಾರು ಕಣ್ಣು ಕಾಯುತ್ತಿದ್ದವು. ಗೋವರ್ಧನ ಅಣ್ಣನ ಕಡೆ ನೋಡಿದ. ಕರಿಯ ಬಾಯಿ ತೆರೆದುಕೊಂಡು ಮುಂದಕ್ಕೆ ಬಾಗಿದ್ದ. ಗೋವರ್ಧನ ಎಡಗೈಯನ್ನು ತೆಗೆದು, ಬಲಗೈಯೊಂದರಿಂದಲೇ ಬರಿ ತಂತಿಗಳನ್ನು ಒಂದೊಂದಾಗಿ, ಹೊಳೆಗೆ ಕಲ್ಲು ಹಾಕಿ ಕೇಳುವ ಹಾಗೆ ಮೀಟಿದ. ಮತ್ತೆ ಎಡಗೈಯ, ಇನ್ನೂ ಒತ್ತಬಲ್ಲ ಎರಡು ಬೆರಳಿನಲ್ಲಿ ದಾರಿ ಹುಡುಕಿಕೊಂಡು ಮುಗಿಸಿದ. ಎದ್ದು ನಿಂತು ಕೈಮುಗಿಯಲಿಲ್ಲ, ತಲೆ ಮಾತ್ರ ಬಾಗಿಸಿದ. ಎಡಗೈ ಬೆನ್ನ ಹಿಂದಿತ್ತು.

ಚಪ್ಪಾಳೆ ನಿಲ್ಲಲೇ ಇಲ್ಲ. "ಆ ನಡುಗೆ ನಿಲ್ಸಿದ್ಯಲ ಗೋವರ್ಧನ, ಮೈ ಜುಂ ಅಂತ್ ಮಾರಾಯ" ಎಂದರು ಶೆಟ್ಟರು. "ಕಣ್ಣಂಗೆ ನೀರ್ ಹಾಕ್ಕಂಡ್ ನುಡ್ಸುವರನ್ನ ನಾನ್ ಕಂಡದ್ದೇ ಇಲ್ಲ." ಅತ್ತ ಚಹಾದ ಮೇಜಿನ ಹತ್ತಿರ ಕರಿಯ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ: "ಸ್ವರ ಕೇಂಡ್ರಿಯಾ? ಅದಕ್ಕೆ ಎಣ್ಣಿ ಹೊಡ್ದದ್ ನಾನ್."

ವಾರದೊಳಗೆ ಎಡಗೈಯ ಚರ್ಮ ಹಾವಿನ ಪೊರೆಯಂತೆ ಕಳಚಿ ಬಂತು. ಹೊಸ ಚರ್ಮ ಹುಟ್ಟಲು ತಿಂಗಳು ಹಿಡಿಯಿತು; ಅಷ್ಟರಲ್ಲಿ ಗಿಟಾರಿನ ಎಣ್ಣೆಯೂ ಒಣಗಿ ಗಟ್ಟಿಯಾಯಿತು. ಮೂವತ್ತು ವರ್ಷ ತಂತಿ ಒತ್ತಿ ಗಟ್ಟಿಯಾಗಿದ್ದ ತುದಿಗಳು ಎಳೆಮಗುವಿನ ತುಟಿಯಂತಾದವು. ಅದು ಹೋಗಲಿ, ಒತ್ತಿ ಒತ್ತಿ ಗಟ್ಟಿಯಾಗುತ್ತದೆ. ಆದರೆ ತೋರುಬೆರಳ ತುದಿಗೆ ತಂತಿ ತಾಗಿದ್ದು ತಿಳಿಯುವುದೇ ನಿಂತಿತು. ಒತ್ತಿದೆನೋ ಇಲ್ಲವೋ ಎಂದು ಬಗ್ಗಿ ಕಣ್ಣಿಂದ ನೋಡಬೇಕು. ಅಷ್ಟರಲ್ಲಿ ಶೆಟ್ಟರ ಫೋನು ಬಂತು: ಡಿಸೆಂಬರ್ ಹದಿನಾಲ್ಕು, ಕುಂದಾಪುರ, ಮುನ್ನೂರು ಕುರ್ಚಿ, ಊಟವಿಲ್ಲ.

"ಅಡ್ಡಿಲ್ಲೆ ಶೆಟ್ರೆ" ಎಂದ ಗೋವರ್ಧನ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಜಲಜ ಒಳಗೆ ಹೋದಳು.

ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ಅಕ್ಟೋಬರ್ ಬೆಳಿಗ್ಗೆ ಕರಿಯ ಡಬ್ಬಿ ಹಿಡಿದುಕೊಂಡು ಬಂದ. ಇನ್ನೊಂದು ಕೈಯಲ್ಲಿ ಬ್ರಶ್ಶು. ಜಗಲಿಯ ಮೆಟ್ಟಿಲ ಮೇಲೆ ಕೂತು ಸೊಂಟದಲ್ಲಿದ್ದ ಉಳಿಯಿಂದ ಮುಚ್ಚಳ ಎಬ್ಬಿದ. ವಾಸನೆ ಒಳಗೆ ನಡೆಯಿತು.

"ವರ್ಷಕ್ ಎರಡ್ ಸಲ ಹೊಡೀಕ್ ಮಾರಾಯ, ದೋಣಿಯಾರೂ ಅಷ್ಟೇ, ಇದಾರೂ ಅಷ್ಟೇ. ತಾ ಇಲ್ಲಿ."

"ಇಟ್ಟ್ ಹೋಗ್ ಅಣ್ಣ. ನಾನೇ ಹೊಡ್ಕಂತೆ."

"ನಿಂಗ್ ಬತ್ತಿಲ್ಲ. ಕೈ ಸುಟ್ಕಂಬೆ" ಎಂದು ನಗುತ್ತ ಕರಿಯ ಗಿಟಾರಿಗಾಗಿ ಕೈ ಚಾಚಿದ.

ಗೋವರ್ಧನ ಗಿಟಾರನ್ನು ಚಾಪೆಯ ಮೇಲಿಟ್ಟ. ಎದ್ದು ಬಂದು, ಚಾಚಿದ ಆ ಕೈಯ ಮೇಲೆ ತನ್ನ ಎಡಗೈಯನ್ನು ಅಂಗಾತ ಇಟ್ಟ.

ಕರಿಯ ಅದನ್ನು ಬಿಸಿಲಿಗೆ ತಿರುಗಿಸಿದ. ಹಲಗೆಯಲ್ಲಿ ಒಳಬಿರುಕು ಹುಡುಕುವವನ ಹಾಗೆ ಹೆಬ್ಬೆರಳ ಬುಡ, ಬೆರಳ ಸಂದು, ಬೆಳ್ಳಗಿನ ತುದಿ ಎಲ್ಲ ನೋಡಿದ. ತೋರುಬೆರಳ ತುದಿಯನ್ನು ತನ್ನ ಉಗುರಿನಿಂದ ಚಿವುಟಿದ. ಗೋವರ್ಧನ ಕೈ ಎಳೆದುಕೊಳ್ಳಲಿಲ್ಲ.

"ಗೊತ್ತಾಯ್ತಿಲ್ಯಾ?"

"ಇಲ್ಲೆ."

"ಯಾವಾಗಿಂದ?"

"ಆ ಆದಿತ್ವಾರದಿಂದ."

ಕರಿಯ ಕೈ ಬಿಟ್ಟ. ಡಬ್ಬಿಗೆ ಮುಚ್ಚಳ ಹಾಕಿ ಮುಷ್ಟಿಯಲ್ಲಿ ಗುದ್ದಿದ. ಒಂದೇ ಗುದ್ದಿಗೆ ಕೂತ ಮುಚ್ಚಳವನ್ನು ಮತ್ತೂ ನಾಲ್ಕು ಸಲ ಗುದ್ದಿದ. ಡಬ್ಬಿಯನ್ನು ಅಲ್ಲೇ ಬಿಟ್ಟು, ಎದ್ದು ಹೊಳೆಯ ಕಡೆಗೆ ಇಳಿದು ಹೋದ. ಜಲಜ "ಭಾವ, ಚಾ ಕುಡ್ಕಂಡ್ ಹೋಯ್ನಿ" ಎಂದು ಕರೆದದ್ದು ಅವನಿಗೆ ಕೇಳಿತೋ ಇಲ್ಲವೋ.

ಆಮೇಲೆ ಅವನು ತಮ್ಮನ ಮನೆಗೆ ಬಂದಿಲ್ಲ. ಡಿಸೆಂಬರ್ ಹದಿನಾಲ್ಕು ಹತ್ತಿರ ಬರುತ್ತಿದೆ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಅಣ್ಣನಿಗೆಂದು ಇಡಲು ಗೋವರ್ಧನ ಶೆಟ್ಟರಿಗೆ ಹೇಳಿದ್ದಾನೆ. ದಿನವೂ ಬೆಳಿಗ್ಗೆ ಕಾಲ ಕೆಳಗೆ ಮಣೆ ಇಟ್ಟು, ತಲೆ ಬಗ್ಗಿಸಿ, ತನ್ನದೇ ಬೆರಳನ್ನು ಕಾವಲು ಕಾಯುತ್ತ ನುಡಿಸುತ್ತಾನೆ. ಡಬ್ಬಿ ಮೆಟ್ಟಿಲ ಮೇಲೆಯೇ ಇದೆ. ಅದನ್ನು ಯಾರೂ ಮುಟ್ಟಿಲ್ಲ.