ಬಳಿ ಬೇರೆ, ರಕ್ತ ಒಂದೇ

ನನ್ನ ಮದುವೆಯ ಮಾತು ಮುಗಿದೇ ಹೋಗಿತ್ತು. ನನ್ನನ್ನು ಕೇಳುವುದೊಂದೇ ಬಾಕಿ. ಹುಡುಗ ಕಾಪುವಿನ ಸೋದರಮಾವನ ಮಗ, ದುಬೈಯಲ್ಲಿ ಕೆಲಸ. ನಮ್ಮಲ್ಲಿ ಬಳಿ ಬೇರೆಯಾದರೆ ಸಾಕು. ಬಳಿ ಎಂದರೆ ತಾಯಿಯಿಂದ ಬರುವ ಕುಲ. ನನಗೆ ನನ್ನ ಅಮ್ಮನ ಬಳಿ, ಅವನಿಗೆ ಅವನ ಅಮ್ಮನ ಬಳಿ. ಒಂದೇ ಬಳಿಯವರು ಮುಖಪರಿಚಯವಿಲ್ಲದಿದ್ದರೂ ಅಣ್ಣತಂಗಿಯರು. ಬಳಿ ಬೇರೆಯಾದರೆ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳೂ ಗಂಡಹೆಂಡಿರಾಗಬಹುದು. ಅಮ್ಮನನ್ನೂ ಹೀಗೆಯೇ ಅವರ ಸೋದರಮಾವನ ಮಗನಿಗೆ ಕೊಟ್ಟಿದ್ದರು.

ನನ್ನ ತಂಗಿಗೆ ಥಲಸ್ಸೇಮಿಯಾ. ತಿಂಗಳು ತಿಂಗಳು ಮಣಿಪಾಲಕ್ಕೆ ಕರೆದೊಯ್ದು ರಕ್ತ ಹಾಕಿಸಬೇಕು. ಯಾವುದೋ ಹಳೆಯ ಹರಕೆ ಬಾಕಿಯಿದೆ, ದೈವ ಮುನಿದಿದೆ ಎಂದರು ಹಿರಿಯರು. ಉಡುಪಿಯಲ್ಲಿ ಬಿಎಸ್ಸಿ ಓದುವಾಗ ನನಗೆ ನಿಜ ತಿಳಿಯಿತು. ಕಣ್ಣಿಗೆ ಕಾಣದ ಜೀವಕೋಶದೊಳಗೆ ಎರಡು ಮೀಟರ್ ಉದ್ದದ ಡಿಎನ್‌ಎ ಸುತ್ತಿ ಮಡಚಿ ಕುಳಿತಿರುತ್ತದೆ, ಇಪ್ಪತ್ತಮೂರು ಜೋಡಿ ವರ್ಣತಂತುಗಳಾಗಿ. ಪ್ರತಿ ಜೋಡಿಯಲ್ಲಿ ಒಂದು ಅಮ್ಮನದು, ಒಂದು ಅಪ್ಪನದು. ತಂಗಿಯ ಕಾಯಿಲೆಯ ಜೀನು ಹನ್ನೊಂದನೆಯ ಜೋಡಿಯಲ್ಲಿದೆ. ಎರಡರಲ್ಲಿ ಒಂದು ಕೆಟ್ಟಿದ್ದರೆ ಬದುಕಿಗೇನೂ ತೊಂದರೆಯಿಲ್ಲ. ಅಮ್ಮ, ಅಪ್ಪ ಇಬ್ಬರಿಂದಲೂ ಕೆಟ್ಟದ್ದೇ ಬಂದರೆ ತಂಗಿಯ ಪಾಡು. ಬಳಿ ನೋಡುವುದು ತಾಯಿಯ ದಾರಿಯನ್ನು ಮಾತ್ರ, ಜೀನು ಬರುವುದು ಎರಡೂ ದಾರಿಯಲ್ಲಿ. ನನಗೆ ಸಿಟ್ಟು ನೆತ್ತಿಗೇರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಪಾಪ, ಆ ದೈವವನ್ನು ಇಷ್ಟು ವರ್ಷ ದೂರಿದ್ದೆವು.

ನನ್ನ ರಕ್ತ ಪರೀಕ್ಷೆ ಮಾಡಿಸಿದೆ. ಕೆಟ್ಟ ಜೀನು ಒಂದು ನನ್ನಲ್ಲೂ ಇತ್ತು.

ದಿನ ಗೊತ್ತುಮಾಡಲು ಮಾವ ಶಂಕರಪುರದ ನಮ್ಮ ಮನೆಗೆ ಬಂದರು. ಅಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ನಾನು ರಿಪೋರ್ಟನ್ನು ಮಾವನ ಮುಂದಿಟ್ಟೆ.

“ನಿಮ್ಮ ಮಗನೂ ಪರೀಕ್ಷೆ ಮಾಡಿಸಲಿ ಮಾವ. ಅವನಲ್ಲೂ ಇದು ಉಂಟಾದರೆ ನಾನು ಈ ಮದುವೆ ಆಗುವುದಿಲ್ಲ.”

“ಎಂತ ಮಾತಾಡ್ತೀ? ಬಳಿ ಬೇರೆ ಉಂಟಲ್ಲ, ರಕ್ತ ಹೇಗೆ ಒಂದಾಗ್ತದೆ? ನಾಲ್ಕಕ್ಷರ ಕಲಿತದ್ದು ಹೆಚ್ಚಾಯಿತು ನಿನಗೆ.”

“ರಕ್ತ ಬಳಿ ಕೇಳಿಕೊಂಡು ಬರುವುದಿಲ್ಲ ಮಾವ.”

“ಈ ಕಾಗದ ಊರಿನವರು ನೋಡಿದರೆ ನಿನ್ನನ್ನು ಯಾರು ಮದುವೆ ಆಗ್ತಾರೆ?”

“ಯಾರೂ ಬೇಡ.”

ಹೇಳಿಬಿಟ್ಟೆ. ನನಗೆ ಭಯವಿದ್ದದ್ದು ಮಾವನದಲ್ಲ, ಅಮ್ಮನದು. ಒಪ್ಪಿಗೆ ಕೊಟ್ಟವರು ಅವರೇ. ತಂಗಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಅದಕ್ಕೆ ನನಗೆ ಈಗಲೂ ಸಂಕಟವಾಗುತ್ತದೆ.

ಅಮ್ಮ ಹೂವನ್ನು ಬುಟ್ಟಿಗೆ ಹಾಕಿ ಎದ್ದರು.

“ಅಣ್ಣ, ನನ್ನ ಮದುವೆಯ ಹೊತ್ತಿಗೆ ನನಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಮಗನಿಗೆ ಫೋನ್ ಮಾಡಿ.”

ಮಾವ ಮಾಡಲಿಲ್ಲ; ಅಮ್ಮನೇ ಮಾಡಿದರು. ಹುಡುಗ ಒಳ್ಳೆಯವನು, ಅಲ್ಲಿಯೇ ಪರೀಕ್ಷೆ ಮಾಡಿಸಿ ಕಳುಹಿಸಿದ. ಅವನಲ್ಲೂ ಇತ್ತು. ಮದುವೆ ಅಲ್ಲಿಗೇ ನಿಂತಿತು. ಮಾವ ಈಗ ನಮ್ಮ ಮನೆಗೆ ಬರುವುದಿಲ್ಲ. ಬರದಿದ್ದರೆ ಬೇಡ.

ಮೊನ್ನೆ ಕಾರ್ಕಳದಿಂದ ಒಂದು ಸಂಬಂಧ ಬಂತು. ಬಂದವರು ಪದ್ಧತಿಯಂತೆ ಬಳಿ ಕೇಳಿದರು, ಅಮ್ಮ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅವರತ್ತ ತಿರುಗಿದರು.

“ಹುಡುಗನ ರಕ್ತದ ರಿಪೋರ್ಟ್ ತಂದಿದ್ದೀರಾ?”