ಪಾಳಿಯ ಬೆಳಕು

ಒಡೆದ ಹಾಲಿನ ವಾಸನೆ, ಅದರೊಳಗೆ ಬೆಲ್ಲದ ವಾಸನೆ. ನಿನ್ನೆ ಸಂಜೆ ಪುಣೆಯ ನಮ್ಮ ಸಂಸ್ಥೆಯಲ್ಲಿ, ನನ್ನ ಜೊತೆ ಕೆಲಸ ಮಾಡುವ ಗೆಳತಿ ಸಕ್ಕರೆ ತೀರಿದೆಯೆಂದು ಕುದಿಯುವ ಚಹಾಕ್ಕೆ ಬೆಲ್ಲ ಹಾಕಿಬಿಟ್ಟಳು. ಇನ್ನೇನು, ಒಡೆಯಿತು. "ಛೇ, ಚೆಲ್ಲಿಬಿಡ್ತೀನಿ" ಎಂದು ಪಾತ್ರೆ ಎತ್ತಿದಳು. ನಾನು ಅಷ್ಟರಲ್ಲಿ ಅಲ್ಲಿರಲಿಲ್ಲ. ಕಬ್ಬಿನ ಯಾರ್ಡಿನಲ್ಲಿ, ಮಾವಶಿಯ ಒಲೆಯ ಮುಂದೆ ಕುಳಿತಿದ್ದೆ...

ನಮ್ಮೂರು ಐನಾಪುರದ ಹತ್ತಿರ. ಕಬ್ಬು ಮುಖ್ಯ, ಒಂದಿಷ್ಟು ದ್ರಾಕ್ಷಿ. ಹಂಗಾಮು ಶುರುವಾಯಿತೆಂದರೆ ಅಪ್ಪ ಟ್ರ್ಯಾಕ್ಟರ್ ತುಂಬಿಕೊಂಡು ಸಕ್ಕರೆ ಕಾರ್ಖಾನೆಯ ಯಾರ್ಡಿಗೆ ಹೋಗಿ ಪಾಳಿ ಹಚ್ಚುತ್ತಿದ್ದ. ಸರದಿಗೆ ನಮ್ಮ ಕಡೆ ಪಾಳಿ ಎನ್ನುತ್ತಾರೆ. ಬುತ್ತಿ ಒಯ್ಯುವ ಕೆಲಸ ನನ್ನದು. ಬುತ್ತಿಗಿಂತ ಹೆಚ್ಚಾಗಿ ನನಗೆ, ಒಲೆಯಿಂದ ಇಳಿಸಿದ ಮೇಲಷ್ಟೇ ಬೆಲ್ಲ ಹಾಕುತ್ತಿದ್ದ ಮಾವಶಿಯ ಚಹಾದ ಆಸೆ, ಸುಳ್ಳು ಯಾಕೆ ಹೇಳಲಿ.

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಅವಳು ನಮ್ಮ ನೆಂಟಳಲ್ಲ. ಯಾರ್ಡಿಗೆಲ್ಲ ಮಾವಶಿ. ಮರಾಠಿ ಸೀಮೆಯ ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಗಂಡ ಹೆಂಡತಿ ಬಂದಿದ್ದರಂತೆ. ಆ ಹಂಗಾಮಿನಲ್ಲೇ ಗಂಡ ಜ್ವರ ಬಂದು ತೀರಿಕೊಂಡ. ಗ್ಯಾಂಗು ಊರಿಗೆ ಹೊರಟಾಗ ಇವಳು ಲಾರಿ ಹತ್ತಲಿಲ್ಲ. "ಅಲ್ಲಿ ಖಾಲಿ ಮನಿ ಐತಿ, ಇಲ್ಲಿ ಮಂದಿ ಅದಾರ" ಎಂದಳಂತೆ. ಮೂರು ಕಲ್ಲು ಹೂಡಿ, ಮೇಲೆ ತಾಡಪತ್ರಿ ಕಟ್ಟಿ ಚಹಾ ಕಾಸತೊಡಗಿದಳು. ಅವಳಿಗೆ ಬೇಕಾಗಿದ್ದದ್ದು ಮಂದಿ. ಚಹಾ ಒಂದು ನೆಪವಾಗಿತ್ತು.

ಮಂದಿಗೇನು ಕಡಿಮೆ! ಕಾರ್ಖಾನೆಯ ಸುತ್ತ ಸುತ್ತು ಸುತ್ತಾಗಿ ಟ್ರ್ಯಾಕ್ಟರುಗಳು, ನಡುವೆ ಎತ್ತಿನ ಗಾಡಿಗಳು. ಹೊರಗಿನ ಸುತ್ತಿನಿಂದ ಒಳಗಿನ ಸುತ್ತಿಗೆ ಸರಿಯುತ್ತ, ತೂಕದ ಕಾಟಾ ತಲುಪುವಷ್ಟರಲ್ಲಿ ಡ್ರೈವರನ ಗಡ್ಡ ಬೆಳೆದಿರುತ್ತಿತ್ತು. ಒಬ್ಬೊಬ್ಬನ ಟ್ರ್ಯಾಕ್ಟರಿನಲ್ಲಿ ಒಂದೊಂದು ಹಾಡು, ಕನ್ನಡದ್ದು ಒಂದು ಕಡೆ, ಮರಾಠಿಯದು ಒಂದು ಕಡೆ. ಯಾರಾದರೂ ನಡುವೆ ನುಗ್ಗಿದರೆ ಜಗಳ. ಜಗಳ ಬಿಡಿಸಲು ಮಾವಶಿಗೆ ಒಂದೇ ಮಾತು ಸಾಕು: "ಪಾಳಿ ಮುರದವಗ ಚಹಾ ಇಲ್ಲ ನೋಡ್ ಮತ್ತ!" ಎಂಥಾ ಗಟ್ಟಿ ಮೀಸೆಯವನೂ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುತ್ತಿದ್ದ.

ಪುಣೆಯಲ್ಲಿ ಓದು ಶುರು ಮಾಡಿದ ವರ್ಷ ರಜೆಗೆ ಬಂದಾಗ, ಒಂದು ಸಂಜೆ ಅವಳು ಕೇಳಿದಳು: "ಏನ್ ಕಲಿಯಾಕತ್ತಿ ಪೋರಿ, ಅಷ್ಟು ದೂರ ಹೋಗಿ?" ನಾನು ಕಪ್ಪುಕುಳಿ, ಗ್ಯಾಲಕ್ಸಿ ಎಂದು ಏನೇನೋ ಬಡಬಡಿಸಿದೆ. ಸುತ್ತಲಿದ್ದ ಡ್ರೈವರುಗಳು ಕಿಸಕ್ಕನೆ ನಕ್ಕರು. ನನಗೆ ಸಿಟ್ಟು ಬಂತು. ಎದುರಿಗಿದ್ದ ಯಾರ್ಡನ್ನೇ ತೋರಿಸಿದೆ.

"ನಡುವ ಫ್ಯಾಕ್ಟರಿ ಐತಲಾ, ಅದು ಕಪ್ಪುಕುಳಿ ಅನ್ನು. ನುಂಗೂದೊಂದ ಗೊತ್ತದಕ್ಕ, ಅದಕ್ಕ ತನ್ನದ ಅಂತ ಬೆಳಕಿಲ್ಲ. ಆದ್ರ ಸುತ್ತಲಿನ ಗ್ಯಾಸು ನೆಟ್ಟಗ ಹೋಗಿ ಬೀಳೂದಿಲ್ಲ ಮಾವಶಿ. ಈ ಪಾಳಿ ಹಂಗ ತಾಟಿನಾಕಾರ ಸುತ್ತಕೋಂತ ಇರತೈತಿ. ಒಳಗಿನ ಸುತ್ತು ಜೋರು, ಹೊರಗಿನದು ಸಾವಕಾಶ. ಒಂದಕ್ಕೊಂದು ತಿಕ್ಕಿ ತಿಕ್ಕಿ ಕೆಂಡ ಆಗತೈತಿ. ಇಡೀ ಗ್ಯಾಲಕ್ಸಿ ಚುಕ್ಕಿ ಎಲ್ಲಾ ಕೂಡಿದ್ರೂ ಅಷ್ಟ ಬೆಳಕಿಲ್ಲ."

ಮಾವಶಿ ಸೌಟು ಹಿಡಿದವಳು ಹಿಡಿದ ಹಾಗೇ ನಿಂತಳು. "ಅಗ ಬಾಯಿ! ಅಂದ್ರ ಬೆಳಕು ಫ್ಯಾಕ್ಟರೀದಲ್ಲ, ಪಾಳಿ ಹಚ್ಚಿದವರದ?"

"ಹೌದ, ಕಾದು ನಿಂತವರದ."

ಅವತ್ತಿನಿಂದ ಬಂದವರಿಗೆಲ್ಲ ಅದೇ ಉಪದೇಶ. ಕಾದು ಕಾದು ಬೇಸತ್ತು ಬೈಯುವ ಡ್ರೈವರನಿಗೆ ಚಹಾ ಕೊಡುತ್ತ, "ಸುಮ್ನಿರಲೇ, ನಿನ್ನಿಂದನ ಬೆಳಕೈತಿ" ಎನ್ನುತ್ತಿದ್ದಳು. ಅವನಿಗೆ ಏನೂ ತಿಳಿಯುತ್ತಿರಲಿಲ್ಲ, ಆದರೂ ನಗುತ್ತಿದ್ದ.

ಆಮೇಲೆ ಕಾರ್ಖಾನೆಯವರು ಫೋನಿಗೆ ಮೆಸೇಜು ಕಳಿಸುವ ಪದ್ಧತಿ ತಂದರು. ನಿಮ್ಮ ಹೊತ್ತಿಗೆ ಬನ್ನಿ, ಕಬ್ಬು ಇಳಿಸಿ, ಹೋಗಿ. ಒಳ್ಳೆಯದೇ ಆಯಿತು, ಹಾಗಲ್ಲ ಎಂದರೆ ನಾಲಿಗೆ ಬಿದ್ದೀತು. ಕಬ್ಬು ಒಣಗುವುದು ತಪ್ಪಿತು, ಎತ್ತುಗಳು ನೊಗ ಹೊತ್ತು ನಿಲ್ಲುವುದು ತಪ್ಪಿತು, ಅಪ್ಪ ರಾತ್ರಿ ಮನೆಯಲ್ಲೇ ಮಲಗತೊಡಗಿದ. ಎಲ್ಲರಿಗೂ ಸುಖವಾಯಿತು. ಮಾವಶಿಯ ಮಂದಿ ಮಾತ್ರ ಕರಗಿಹೋದರು.

"ನಿಪ್ಪಾಣಿ ಹೈವೇಕ ಹೋಗ ಮಾವಶಿ, ಅಲ್ಲಿ ಗಿರಾಕಿಗೆ ಬರ ಇಲ್ಲ" ಎಂದು ಡ್ರೈವರುಗಳು ಹೇಳಿದರು. ಅವಳು ಕೇಳಲಿಲ್ಲ. "ಅಲ್ಲಿ ಮಂದಿ ಹಾಯ್ದು ಹೋಗ್ತಾರಪಾ, ಕುಂಡ್ರೂದಿಲ್ಲ" ಎಂದುಬಿಟ್ಟಳು. ದಿನಾ ಒಲೆ ಹೊತ್ತಿಸುವುದು, ದಾರಿ ನೋಡುವುದು. ಎರಡು ಟ್ರ್ಯಾಕ್ಟರ್ ಬಂದರೂ ಎದ್ದು ನಿಲ್ಲುತ್ತಿದ್ದಳಂತೆ.

ನಾನು ಕೊನೆಯ ಸಲ ಹೋದಾಗ ಯಾರ್ಡ್ ಬಯಲಾಗಿತ್ತು. ಅವಳು ಸಣ್ಣಗಾಗಿದ್ದಳು. ಚಹಾ ಕೊಟ್ಟು, ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದಳು: "ನಿನ್ನ ಗ್ಯಾಲಕ್ಸಿಯೊಳಗೂ ಪಾಳಿ ತೀರತೈತಿ?"

"ತೀರತೈತಿ ಮಾವಶಿ. ಗ್ಯಾಸು ತೀರಿದ್ರ ಕತ್ತಲಿ. ಕಪ್ಪುಕುಳಿ ಅಲ್ಲೇ ಇರತೈತಿ, ಕಾಣೂದಿಲ್ಲ ಅಷ್ಟ."

"ಮತ್ತ ಹಚ್ಚೂದ ಇಲ್ಲನ?"

ನಾನು ನಿಜವನ್ನೇ ಹೇಳಿದೆ. ಇನ್ನೊಂದು ಗ್ಯಾಲಕ್ಸಿ ಹತ್ತಿರ ಬಂದರೆ, ಹೊಸ ಅನಿಲ ಒಳಗೆ ಹರಿದರೆ, ಆರಿದ್ದು ಮತ್ತೆ ಹೊತ್ತಿಕೊಳ್ಳುವುದುಂಟು. ಅವಳ ಮುಖ ಅರಳಿತು. "ಹಂಗಾರ ಒಲಿ ಆರಸೂದು ಬ್ಯಾಡ" ಎಂದು ಒಂದು ಕಟ್ಟಿಗೆ ಮುಂದಕ್ಕೆ ದೂಡಿದಳು. ಎದುರಿಗೆ ಯಾರೂ ಇರಲಿಲ್ಲ, ನನ್ನೊಬ್ಬಳನ್ನು ಬಿಟ್ಟರೆ...

ಹೋದ ಮಳೆಗಾಲದಲ್ಲಿ ಮಾವಶಿ ತೀರಿಕೊಂಡಳು. ಕಾರ್ಖಾನೆ ಬಂದ್ ಇದ್ದ ಹೊತ್ತು. ಡ್ರೈವರುಗಳೇ ಸೇರಿ ಮಣ್ಣು ಮಾಡಿದರಂತೆ. ನನಗೆ ತಡವಾಗಿ ಸುದ್ದಿ ಬಂತು. ಅಳುವುದೊಂದೇ ನನ್ನಿಂದಾದದ್ದು.

ಮೊನ್ನೆ ಅಪ್ಪ ಫೋನ್ ಮಾಡಿದ. ಕಾರ್ಖಾನೆಯಲ್ಲಿ ಮಷೀನು ಕೆಟ್ಟು ಕಬ್ಬು ಅರೆಯುವುದು ನಿಂತಿತ್ತು. ಮೆಸೇಜು ನೋಡಿ ಬಂದವರೆಲ್ಲ ಬಂದಲ್ಲೇ ಸಿಕ್ಕಿಕೊಂಡಿದ್ದರು. ಫೋನಿನೊಳಗೆ ಹಾಡು, ಹಾರ್ನು, ಬೈಗುಳ ಎಲ್ಲ ಹಿಂದಿನ ಹಾಗೇ ಕೇಳುತ್ತಿತ್ತು.

"ಯಾರ್ಡ್ ತುಂಬೇತಿ ಯವ್ವಾ, ಸುತ್ತೆಲ್ಲಾ ಪಾಳಿ ಹತ್ತೇತಿ. ಎಲ್ಲಾರೂ ಬಂದಾರ, ಆಕಿ ಒಬ್ಬಾಕಿ ಇಲ್ಲ" ಎಂದ ಅಪ್ಪ. "ಆಕಿ ಕಲ್ಲು ಅಲ್ಲೇ ಅದಾವ. ನಾವ ಒಲಿ ಹಚ್ಚಿ ಚಹಾ ಇಟ್ಟೀವಿ. ಬೆಲ್ಲ ಲಗೂನ, ಕುದಿಯೂಮುಂದನ ಹಾಕಿಬಿಟ್ಟೀವಿ, ಒಡದ ಹೋತು. ಆದ್ರೂ ಯಾರೂ ಚೆಲ್ಲಲಿಲ್ಲ. ಪಾಳಿ ಹಚ್ಚಿ ಕುಡದೀವಿ."

ನಾನು ಈಗ ನೋಡುತ್ತಿರುವ ಗ್ಯಾಲಕ್ಸಿ ವರ್ಷದಿಂದ ವರ್ಷಕ್ಕೆ ಮಂಕಾಗುತ್ತಿದೆ. ಯಾಕೆ ಎಂಬುದು ನನ್ನ ಕೆಲಸ. ಮತ್ತೆ ಯಾವಾಗ ಹೊತ್ತಿಕೊಂಡೀತು ಎಂದು ಯಾರಾದರೂ ಕೇಳಿದರೆ ಹೇಳಲಾರೆ. ನಾನಿರುವಷ್ಟರಲ್ಲಿ ಅಂತೂ ಅಲ್ಲವೇನೋ.

ನಿನ್ನೆ ಗೆಳತಿ ಪಾತ್ರೆಯನ್ನು ಸಿಂಕಿನ ಕಡೆ ವಾಲಿಸಿದಾಗ ಅವಳ ಕೈ ಹಿಡಿದೆ. ಒಡೆದ ಚಹಾವನ್ನು ಸೋಸಿ ಎರಡು ಲೋಟಕ್ಕೆ ಹಾಕಿದೆ. ಅವಳು ಮುಖ ಕಿವುಚಿದಳು, ನಾನು ಪೂರ್ತಿ ಕುಡಿದೆ. ರುಚಿ ಕೆಟ್ಟಿತ್ತು. ಮಾವಶಿ ಇದ್ದಿದ್ದರೆ ಬೆನ್ನಿಗೊಂದು ಗುದ್ದಿ, ಲೋಟ ಕಿತ್ತುಕೊಂಡು, ಬೇರೆ ಕಾಸಿ ಕೊಡುತ್ತಿದ್ದಳು.