ಗಂಗಾಲಕ್ಷ್ಮಿಯ ಎಣಿಕೆ

ಟೇಕಲ್‌ನ ಕದಿರೇಶನಿಗೆ ಮೂವತ್ತಾರು ವರ್ಷ. ಮಾಲೂರಿನ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಒಡೆದ ಗಾಜು ಬದಲಿಸಿಕೊಳ್ಳಲು ಬಂದವರಿಗೆ ಆ ಫೋನಿನ ಜಾತಕವನ್ನೇ ಬಿಡಿಸಿ ಹೇಳುತ್ತಿದ್ದ: ಬ್ಯಾಟರಿ ಯಾಕೆ ಉಬ್ಬುತ್ತದೆ, ಎರಡೇ ವರ್ಷಕ್ಕೆ ಯಾಕೆ ಮಂಕಾಗುತ್ತದೆ, ಜಾಹೀರಾತಿನ ಮಾತಿನಲ್ಲಿ ನಿಜ ಎಷ್ಟು. ರೈಲಿಗೆ ಹೊತ್ತಾದ ಗಿರಾಕಿಯೊಬ್ಬ ಒಮ್ಮೆ ರೇಗಿ, "ನೀನು ರೇಡಿಯೋದಲ್ಲಿ ಇರ್ಬೇಕಿತ್ತು ಕಣಪ್ಪ" ಎಂದ. ಕದಿರೇಶ ಅದನ್ನು ಹೊಗಳಿಕೆ ಎಂದುಕೊಂಡು ಪಾಡ್‌ಕಾಸ್ಟ್ ಶುರುಮಾಡಿದ. ಹೆಸರು ‘ಡಬ್ಬ ಬಿಚ್ಚಿದಾಗ’.

ರೆಕಾರ್ಡಿಂಗ್ ನಡೆಯುತ್ತಿದ್ದದ್ದು ಮನೆಯ ಹಿಂದಿನ ಹುಳುಮನೆಯಲ್ಲಿ. ತಾಯಿ ಅಕ್ಕಯಮ್ಮ ಅಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಹುಳು ತರುವ ನಡುವೆ ಆ ಮನೆ ಖಾಲಿ. ದಪ್ಪ ಗೋಡೆ, ಕಿಟಕಿಗೆಲ್ಲ ಗೋಣಿತಾಟು, ಒಳಗೆ ಬ್ಲೀಚಿಂಗ್ ಪೌಡರ್ ವಾಸನೆ. ಹೊರಗೆ ರೈಲು ಕೂಗಿದರೂ ಮೈಕಿಗೆ ಕೇಳುತ್ತಿರಲಿಲ್ಲ. ಹುಳು ಬಂದ ಮೇಲೆ ಮಾತ್ರ ಅಕ್ಕಯಮ್ಮ ಮೈಕನ್ನೂ ಮಗನನ್ನೂ ಆಚೆಗೆ ಅಟ್ಟುತ್ತಿದ್ದರು. ಹೀಗಾಗಿ ಫೋನು, ಟಿವಿ, ಕೈಗಡಿಯಾರಗಳ ವ್ಯಾಪಾರದ ಒಳಗುಟ್ಟು ತಿಳಿಯಬೇಕಾದ ಕೇಳುಗರು ಗೂಡು ಕಟ್ಟುವವರೆಗೆ ಕಾಯಬೇಕಾಗುತ್ತಿತ್ತು. ಕಾಯುತ್ತಿದ್ದವರಾದರೂ ಇನ್ನೂರೋ ಮುನ್ನೂರೋ ಜನ.

ಪಕ್ಕದ ಮನೆಯ ಗಂಗಾಲಕ್ಷ್ಮಿ ವೇಮಗಲ್ ಕಡೆಯ ಒಂದು ಫೋನ್ ಕಾರ್ಖಾನೆಗೆ ಹೋಗುತ್ತಿದ್ದಳು. ಗುತ್ತಿಗೆ ಕೆಲಸ. ಕಂಪನಿ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಸುನಂದಳದು, ಲೈನಿನಲ್ಲಿ ಪಕ್ಕದ ಸ್ಟೂಲೂ ಸುನಂದಳದೇ. ಒಬ್ಬಳ ಡಬ್ಬಿಯ ಚಿತ್ರಾನ್ನ ಇನ್ನೊಬ್ಬಳ ಹೊಟ್ಟೆಗೆ. ಕದಿರೇಶ ಒಂದು ಭಾನುವಾರ ಗಂಗಾಲಕ್ಷ್ಮಿಯನ್ನು ಪುಸಲಾಯಿಸಿ ಹುಳುಮನೆಯಲ್ಲಿ ಕೂರಿಸಿದ. ಫೋನ್ ಮಾಡುವವರ ಬಾಯಿಂದಲೇ ಫೋನಿನ ಕತೆ ಕೇಳಬೇಕು ಎಂಬುದು ಅವನ ಆಸೆ. ಹೆಸರು ಹೇಳುವುದಿಲ್ಲ, ದನಿಯನ್ನೂ ಬದಲಿಸುತ್ತೇನೆ ಎಂದು ಮಾತು ಕೊಟ್ಟ.

ಅವಳು ಮೊದಮೊದಲು ನಾಚಿದಳು, ಆಮೇಲೆ ಹುರುಪು ಬಂತು. ಇನ್ನೂ ಪೇಟೆಗೆ ಬರದ ಹೊಸ ಫೋನಿಗೆ ತಾನು ಸ್ಕ್ರೂ ಹಾಕುವುದನ್ನು ಗಾಳಿಯಲ್ಲೇ ಕೈಯಾಡಿಸಿ ತೋರಿಸಿದಳು. "ಲಾಭಂ, ರೆಂಡು, ಮೂಡು, ನಾಲುಗು, ಅಯಿದು, ಆರು, ಏಡು. ಏಳೇ ಸ್ಕ್ರೂ ಅಣ್ಣ, ಹಳೇದಕ್ಕೆ ಹನ್ನೊಂದಿತ್ತು." ಮುಳಬಾಗಿಲು ಕಡೆಯ, ತೆಲುಗು ಮಾತಿನ ಅವಳ ಅಜ್ಜಿ ರಾಗಿ ಅಳೆಯುವಾಗ ಮೊದಲ ಸೇರನ್ನು ಒಂದು ಎನ್ನದೆ ಲಾಭ ಎನ್ನುತ್ತಿದ್ದರು. ಮೊಮ್ಮಗಳು ಅದೇ ಎಣಿಕೆಯನ್ನು ಸ್ಕ್ರೂಗಳಿಗೂ ಅಂಟಿಸಿಕೊಂಡಿದ್ದಳು.

ಮಾತು ಮುಗಿದ ಮೇಲೆ ಅವಳಿಗೆ ದಿಗಿಲಾಯಿತು. "ಅಣ್ಣ, ಆ ಎಣಿಸಿದ್ದು ಕಟ್ ಮಾಡ್ಬಿಡು. ಹೊರಗೆ ಏನೂ ಹೇಳ್ಬಾರ್ದು ಅಂತ ಸೈನ್ ಹಾಕಿಸ್ಕೊಂಡವ್ರೆ."

"ಮಾಡ್ತೀನಿ ಕಣಮ್ಮ, ನೀನು ನಿಶ್ಚಿಂತೆಯಾಗಿರು" ಎಂದ ಕದಿರೇಶ.

ಮಾಡಲಿಲ್ಲ. ಮರೆತದ್ದಲ್ಲ. ಹೆಡ್‌ಫೋನ್ ಹಾಕಿಕೊಂಡು ಆ ಒಂಬತ್ತು ಸೆಕೆಂಡನ್ನು ಇಪ್ಪತ್ತು ಸಲ ಕೇಳಿದ. ಇಡೀ ಕಂತಿನ ಜೀವ ಅಲ್ಲೇ ಇತ್ತು. ಹೆಸರು ತೆಗೆದಿದ್ದೇನೆ, ದನಿ ದಪ್ಪ ಮಾಡಿದ್ದೇನೆ, ಯಾರಿಗೆ ಗೊತ್ತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಅದನ್ನು ಕಂತಿನ ಶುರುವಿನಲ್ಲೇ ಇಟ್ಟ. ನಾಲ್ಕು ದಿನದಲ್ಲಿ ನಲವತ್ತು ಸಾವಿರ ಜನ ಕೇಳಿದರು. ಹೊಸ ಫೋನಿಗೆ ಏಳೇ ಸ್ಕ್ರೂ ಎಂಬ ಸುದ್ದಿಯನ್ನು ದೊಡ್ಡ ದೊಡ್ಡ ಚಾನೆಲ್‌ಗಳೂ ಹಂಚಿಕೊಂಡವು. ಕದಿರೇಶ ಅಂಗಡಿಯಲ್ಲಿ ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಐದನೆಯ ದಿನ ಕಂತಿನ ಕೆಳಗೆ ಯಾರೋ ಬರೆದಿದ್ದರು: ‘ನಮ್ಮ ಲೈನಿನಲ್ಲಿ ಲಾಭಂ ಅಂತ ಎಣಿಸೋದು ಒಬ್ಬಳೇ.’ ಕದಿರೇಶ ಅದನ್ನು ಎರಡೆರಡು ಸಲ ಓದಿದ. ಅದೇ ಸಂಜೆ ಗುತ್ತಿಗೆದಾರನ ಕಡೆಯವನು ಗೇಟಿನಲ್ಲಿ ಗಂಗಾಲಕ್ಷ್ಮಿಯನ್ನು ತಡೆದು, ಒಳಗಿನ ವಿಷಯ ಹೊರಗೆ ಹೇಳಿದ್ದೀಯಂತೆ, ನಾಳೆಯಿಂದ ಬರಬೇಡ ಎಂದ. ಹೇಗೆ ಗೊತ್ತಾಯಿತು ಎಂದು ಅವನು ಹೇಳಲಿಲ್ಲ.

ಸುದ್ದಿ ಕಿವಿಗೆ ಬಿದ್ದ ಹತ್ತೇ ನಿಮಿಷದಲ್ಲಿ ಕದಿರೇಶ ಆ ಒಂಬತ್ತು ಸೆಕೆಂಡನ್ನೂ ಸ್ಕ್ರೂವಿನ ಮಾತನ್ನೂ ಕತ್ತರಿಸಿ, ಅದೇ ಜಾಗಕ್ಕೆ ತಿದ್ದಿದ ಕಂತನ್ನು ಏರಿಸಿ, ಕೆಳಗಿದ್ದ ಬರಹವನ್ನೂ ಅಳಿಸಿದ. ಇಷ್ಟನ್ನು ಹೆದರಿಕೆಯಲ್ಲಿ ಮಾಡಿದನೆಂದು ಬಿಟ್ಟುಬಿಡಬಹುದು. ಆದರೆ ಆ ಕಂತನ್ನು ಅದುವರೆಗೂ ಕೇಳಿರದೆ, ಅಳುತ್ತ ಬಂದ ಗಂಗಾಲಕ್ಷ್ಮಿಗೆ, "ನೀನು ಹೇಳಿದಂಗೇ ಕಟ್ ಮಾಡಿದ್ದೆ, ಬೇಕಾದ್ರೆ ಕೇಳು" ಎಂದು ಅದನ್ನೇ ಹಾಕಿ ಕೇಳಿಸಿದ. ಅದಕ್ಕೆ ಯಾವ ಕ್ಷಮೆ?

ಅವಳು ಕೊನೆಯವರೆಗೂ ಕೇಳಿದಳು. "ಹಂಗಾದ್ರೆ ಸುನಂದನೇ ಹೇಳಿರ್ಬೇಕು. ನಾನು ಇಲ್ಲಿ ಮಾತಾಡಿದ್ದು ಅವಳೊಬ್ಬಳಿಗೇ ಗೊತ್ತಿದ್ದಿದ್ದು."

ಅಲ್ಲ ಎನ್ನಲು ಕದಿರೇಶನಿಗೆ ಬಾಯಿ ಬರಲಿಲ್ಲ. ಫೋನಿನ ಬಗ್ಗೆ ಮೂರು ಗಂಟೆ ಕೊರೆಯುವ ಬಾಯಿ.

ಅಂದಿನಿಂದ ಮೂರು ತಿಂಗಳು ಅವನು ಒಂದು ಕಂತನ್ನೂ ಮಾಡಲಿಲ್ಲ. ತಾಯಿ ಕೇಳಿದರೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದ. ಕಂಪನಿ ಬಸ್ಸು ಬೆಳಿಗ್ಗೆ ಹಾರ್ನ್ ಹೊಡೆದಾಗ ಗಂಗಾಲಕ್ಷ್ಮಿ ಬಾಗಿಲು ಹಾಕಿಕೊಳ್ಳುವುದನ್ನು ದಿನವೂ ನೋಡುತ್ತಿದ್ದ. ಒಮ್ಮೆ ಸುನಂದ ಬಸ್ಸಿನಿಂದ ಇಳಿದೇ ಬಂದಳು. ಇವಳು ಮುಖ ತಿರುಗಿಸಿದಳು. ಹೇಳಬೇಕು ಎಂದು ಕದಿರೇಶ ಜಗಲಿಯವರೆಗೂ ಹೋಗಿ, ಚಪ್ಪಲಿ ಸರಿಮಾಡಿಕೊಂಡವನಂತೆ ನಟಿಸಿ ಹಿಂದಿರುಗಿದ. ತನ್ನನ್ನು ಕಂಡರೆ ತನಗೇ ಹೇಸಿಗೆಯಾಗುತ್ತಿತ್ತು.

ಮೊನ್ನೆ ಹುಳು ಹಣ್ಣಾದವು. ಹಣ್ಣಾದ ಹುಳುವನ್ನು ಅವತ್ತಿಗವತ್ತೇ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಗಂಗಾಲಕ್ಷ್ಮಿಯೂ ಮುಯ್ಯಾಳಾಗಿ ಬಂದಿದ್ದಳು. ಬಂದವರಿಗೆಲ್ಲ ಮುದ್ದೆಯಾಗಬೇಕು, ಹಿಟ್ಟು ಮುಗಿದಿತ್ತು. ಗಿರಣಿಗೆ ಆರು ಸೇರು ರಾಗಿ ಅಳೆದು ಹಾಕು ಎಂದು ಅಕ್ಕಯಮ್ಮ ಅವಳ ಕೈಗೆ ಸೇರು ಕೊಟ್ಟರು. ಕದಿರೇಶ ಚೀಲ ಹಿಡಿದು ನಿಂತ.

"ಒಂದು" ಎಂದಳು ಗಂಗಾಲಕ್ಷ್ಮಿ. "ಎರಡು."

ಅಕ್ಕಯಮ್ಮ ತಿರುಗಿ ನೋಡಿದರು. "ಏನೇ ಅದು, ಒಂದು ಅಂತೀಯ? ನಿಮ್ಮಜ್ಜಿ ಕೇಳಿದ್ರೆ ಸುಮ್ನೆ ಬಿಡೋರಾ? ಲಾಭ ಅನ್ನು."

"ಅದನ್ನ ಬಿಟ್ಬಿಟ್ಟೆ ದೊಡ್ಡಮ್ಮ. ಆ ಎಣಿಕೆ ಬಾಯಿಗೆ ಬಂದ್ರೆ ಲೈನು ನೆನಪಾಗ್ತದೆ. ಸುನಂದ ನೆನಪಾಗ್ತಾಳೆ."

ಕದಿರೇಶನ ಕೈಯಿಂದ ಚೀಲದ ಬಾಯಿ ಜಾರಿ ರಾಗಿ ನೆಲಕ್ಕೆ ಚೆಲ್ಲಿತು. ಬಗ್ಗಿ ಬಾಚುತ್ತಲೇ, ಅವಳ ಮುಖ ನೋಡದೆ, ಎಲ್ಲವನ್ನೂ ಹೇಳಿದ. ಕಟ್ ಮಾಡದೆ ಇಟ್ಟದ್ದು, ಆಮೇಲೆ ಕತ್ತರಿಸಿ ಕೇಳಿಸಿದ್ದು, ಆ ಬರಹವನ್ನು ಅಳಿಸಿದ್ದು. "ಸುನಂದ ಏನೂ ಮಾಡಿಲ್ಲ ಗಂಗಾ. ಎಲ್ಲಾ ನಾನೇ."

ಅಕ್ಕಯಮ್ಮ ತಲೆ ಚಚ್ಚಿಕೊಂಡರು. ಗಂಗಾಲಕ್ಷ್ಮಿ ಬೈಯಲಿಲ್ಲ. ಆರು ಸೇರೂ ಅಳೆದು ಮುಗಿಸಿದಳು.

"ಹೋದ ತಿಂಗಳು ಅವಳ ಮದುವೆ ಆಯ್ತು, ಶ್ರೀನಿವಾಸಪುರದಲ್ಲಿ" ಎಂದಳು. "ಪತ್ರಿಕೆ ಕೊಡೋಕೆ ಅವಳೇ ಬಂದಿದ್ಳು. ನಾನು ಬಾಗಿಲು ತೆಗೀಲಿಲ್ಲ."

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ತನ್ನ ಫೋನ್ ತೆಗೆದಳು. ಸುನಂದಳ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಕದಿರೇಶನ ಮುಂದೆ ಹಿಡಿದಳು. ಮೂರು ರಿಂಗ್ ಆದ ಮೇಲೆ ಆ ಕಡೆಯಿಂದ ದನಿ ಬಂತು.

"ಗಂಗಾ? ಗಂಗಾ, ನೀನೇನಾ?"

ಗಂಗಾಲಕ್ಷ್ಮಿಯ ಕಣ್ಣು ತುಂಬಿತ್ತು, ಫೋನ್ ಹಿಡಿದ ಕೈ ಮಾತ್ರ ಅಲುಗಲಿಲ್ಲ.

"ಹೇಳಣ್ಣ" ಎಂದಳು. "ಏನೂ ಕಟ್ ಮಾಡ್ಬೇಡ."